ರಿಫ್ರೆಶ್ ರೇಟ್ ಹೆಚ್ಚಿಸಿದರೆ ಲ್ಯಾಪ್‌ಟಾಪ್ ಪರದೆಯ ಆಯುಷ್ಯ ಕಡಿಮೆಯಾಗುತ್ತದೆಯೇ?

ನಿಮ್ಮ ಲ್ಯಾಪ್‌ಟಾಪ್ ಪರದೆಯ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಹೊಸದಾಗಿ ಮೂಡುತ್ತದೆಂಬ ಲೆಕ್ಕ) 144 ಹರ್ಟ್ಸ್‌ವರೆಗೆ ಹೋಗಬಲ್ಲದಾದರೂ, ಪರದೆ ಬೇಗ ಕೆಟ್ಟೀತೆಂಬ ಅಂಜಿಕೆಯಿಂದ ಅದನ್ನು 60ರಲ್ಲೇ ಇಟ್ಟುಕೊಂಡಿರುವುದಾಗಿ ಬರೆದಿದ್ದೀರಿ. ತಯಾರಕರು ಗೊತ್ತುಪಡಿಸಿದ ಮಿತಿಯೊಳಗೆ ಎಷ್ಟಕ್ಕೆ ಏರಿಸಿದರೂ ಪರದೆಯ ಬಾಳಿಕೆಯಲ್ಲಿ ಗಮನಕ್ಕೆ ಬರುವಂಥ ವ್ಯತ್ಯಾಸವೇನೂ ಆಗುವುದಿಲ್ಲ. ನೀವು ನಿಶ್ಚಿಂತೆಯಿಂದ 144 ಹರ್ಟ್ಸ್ ಬಳಸಬಹುದು.

ಹೆಚ್ಚು ಓಡಿದ ಯಂತ್ರ ಹೆಚ್ಚು ಸವೆಯುತ್ತದೆಂಬ ಅನುಭವದಿಂದ ಈ ಅಂಜಿಕೆ ಹುಟ್ಟುವುದು ಸಹಜವೇ. ಆದರೆ ಪರದೆಯಲ್ಲಿ ಒಂದಕ್ಕೊಂದು ಉಜ್ಜಿಕೊಳ್ಳುವ ಭಾಗಗಳಿಲ್ಲ. ಎಲ್‌ಸಿಡಿ ಪರದೆಯಲ್ಲಿ ದ್ರವ ಸ್ಫಟಿಕದ ಅಣುಗಳು ವೋಲ್ಟೇಜ್‌ಗೆ ತಕ್ಕಂತೆ ಹೊರಳುವುದರಿಂದ ಹೊರಬರುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ. 60 ಹರ್ಟ್ಸ್‌ನಲ್ಲಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಬರುವ ಹೊಸ ಚಿತ್ರ 144ರಲ್ಲಿ ಸುಮಾರು 6.9 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಒಂದೇ ದಿಕ್ಕಿನ ವೋಲ್ಟೇಜ್ ಬಹಳ ಹೊತ್ತು ನಿಂತರೆ ಸ್ಫಟಿಕದ ಪದರಕ್ಕೆ ತೊಂದರೆಯಾಗುವುದರಿಂದ, ಚಿತ್ರ ಅಲುಗಾಡದೆ ನಿಂತಿರುವಾಗಲೂ ವೋಲ್ಟೇಜಿನ ದಿಕ್ಕನ್ನು ಅದಲುಬದಲು ಮಾಡುತ್ತಲೇ ಇರುವಂತೆ ಈ ಪರದೆಗಳನ್ನು ರೂಪಿಸಿರುತ್ತಾರೆ. ಎಂದರೆ, ಪದೇ ಪದೇ ಬದಲಾಗುವುದು ಆ ಪದರಕ್ಕೆ ಶ್ರಮವಲ್ಲ, ಅದರ ರಕ್ಷಣೆಯ ಕ್ರಮವೇ ಅದು.

ಎಲ್‌ಸಿಡಿಯಲ್ಲಿ ನಿಜವಾಗಿ ಮುಪ್ಪಾಗುವುದು ಹಿಂಬದಿಯ ಬೆಳಕು. ಆ ಬೆಳಕು ಕೊಡುವ ಎಲ್‌ಇಡಿ ದೀಪಗಳು ಎಷ್ಟು ಗಂಟೆ, ಎಷ್ಟು ಪ್ರಖರವಾಗಿ, ಎಷ್ಟು ಬಿಸಿಯಲ್ಲಿ ಉರಿದವು ಎಂಬುದರ ಮೇಲೆ ಅವುಗಳ ಬಾಳಿಕೆ ನಿಂತಿದೆ. ಓಎಲ್‌ಇಡಿ ಪರದೆಯಾಗಿದ್ದರೆ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ, ಬೆಳಗಿದಷ್ಟೂ ಅದರ ಸಾವಯವ ವಸ್ತು ಮಸುಕಾಗುತ್ತ ಹೋಗುತ್ತದೆ. ಒಂದೇ ಚಿತ್ರ ದಿನಗಟ್ಟಲೆ ಒಂದೇ ಕಡೆ ನಿಂತರೆ ಕಲೆ ಉಳಿಯುವುದೂ ಇದರಿಂದಲೇ. ಆದ್ದರಿಂದ ಪರದೆಯ ಬಗ್ಗೆ ಕಾಳಜಿ ಇರುವವರು ಮೊದಲು ಬ್ರೈಟ್‌ನೆಸ್ ತಗ್ಗಿಸಬೇಕು, ಕೆಲಸವಿಲ್ಲದಾಗ ಪರದೆ ತಾನಾಗಿ ಆರುವಂತೆ ಇಟ್ಟುಕೊಳ್ಳಬೇಕು.

ಹೆಚ್ಚಿನ ರಿಫ್ರೆಶ್ ರೇಟ್‌ಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದನ್ನು ತೆರುವುದು ಬ್ಯಾಟರಿ. ಪ್ಯಾನೆಲ್‌ನ ಸರ್ಕ್ಯೂಟ್‌ಗಳೂ ಗ್ರಾಫಿಕ್ಸ್ ಚಿಪ್ಪೂ ಹೆಚ್ಚು ವಿದ್ಯುತ್ ಬಳಸುವುದರಿಂದ ಚಾರ್ಜ್ ಬೇಗ ಇಳಿಯುತ್ತದೆ, ಮತ್ತೆ ಮತ್ತೆ ಚಾರ್ಜ್ ಮಾಡಿದಷ್ಟೂ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಈ ಕಾರಣಕ್ಕಾಗಿಯೇ ನಾನು ಚಾರ್ಜರ್ ಹಾಕಿದಾಗ 144, ಬ್ಯಾಟರಿಯಲ್ಲಿ ನಡೆಸುವಾಗ 60 ಇಟ್ಟುಕೊಳ್ಳುತ್ತೇನೆ. ಬರೆಯುವುದಕ್ಕೂ ಓದುವುದಕ್ಕೂ 60 ಸಾಕು. ಆಟ ಆಡುವಾಗ ಮತ್ತು ಉದ್ದನೆಯ ಪುಟಗಳನ್ನು ಸರಿಸುವಾಗ ಮಾತ್ರ ವ್ಯತ್ಯಾಸ ಕಣ್ಣಿಗೆ ಹಿತವೆನಿಸುತ್ತದೆ.

ಪರದೆಯ ಮಿತಿಯನ್ನು ಮೀರಿ, ಉದಾಹರಣೆಗೆ 60ರ ಪ್ಯಾನೆಲ್ಲನ್ನು ಕಸ್ಟಮ್ ರೆಸಲ್ಯೂಶನ್ (ನಾವೇ ಸಂಖ್ಯೆ ತುಂಬುವ ಸೆಟ್ಟಿಂಗ್) ಮೂಲಕ 90ಕ್ಕೆ ಓವರ್‌ಕ್ಲಾಕ್ ಮಾಡುವುದು, ಎಂದರೆ ಗೊತ್ತುಪಡಿಸಿದ್ದಕ್ಕಿಂತ ವೇಗವಾಗಿ ಓಡಿಸುವುದು, ಬೇರೆಯೇ ವಿಷಯ. ಗಾಜಿನ ಕೊಳವೆಯ ಹಳೆಯ ಸಿಆರ್‌ಟಿ ಮಾನಿಟರ್‌ಗಳ ಕಾಲದಲ್ಲಿ ಮಿತಿ ಮೀರಿದ ಆವರ್ತನ ಕೊಟ್ಟರೆ, ರಕ್ಷಣಾ ವ್ಯವಸ್ಥೆಯಿಲ್ಲದ ಕೆಲವು ಮಾನಿಟರ್‌ಗಳ ಸರ್ಕ್ಯೂಟ್ ನಿಜಕ್ಕೂ ಸುಡುವ ಅಪಾಯವಿತ್ತು. ಇಂದಿಗೂ ಉಳಿದಿರುವ ಭಯಕ್ಕೆ ಅದೂ ಒಂದು ಮೂಲವಿರಬಹುದು. ಈಗಿನ ಪ್ಯಾನೆಲ್‌ಗಳಲ್ಲಿ ಮಿತಿ ಮೀರಿದರೆ ಸಾಮಾನ್ಯವಾಗಿ ಚಿತ್ರ ಮಿನುಗುತ್ತದೆ, ಗೆರೆಗಳು ಮೂಡುತ್ತವೆ ಅಥವಾ ಪರದೆ ಕಪ್ಪಾಗುತ್ತದೆ. ಆದರೂ ಪರದೆಯನ್ನು ನಿಯಂತ್ರಿಸುವ ಚಿಪ್ಪನ್ನು ಅದರ ಲೆಕ್ಕಕ್ಕಿಂತ ವೇಗವಾಗಿ ದುಡಿಸುವುದನ್ನು ನಾನು ಸಲಹೆ ಮಾಡಲಾರೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅಲ್ಲಿಂದ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋದರೆ ಆಯ್ಕೆಗಳು ಕಾಣುತ್ತವೆ. ನೀವಾಗಿ ಏನನ್ನೂ ಸೇರಿಸಿರದಿದ್ದರೆ, ಅಲ್ಲಿ ಕಾಣುವ 144 ನಿಮ್ಮ ಪರದೆಯೇ ತಾನು ತಾಳಬಲ್ಲೆನೆಂದು ಕಂಪ್ಯೂಟರಿಗೆ ತಿಳಿಸಿರುವ ಸಂಖ್ಯೆ.