ರಿನೈಸಾನ್ಸ್ (ಯುರೋಪಿನ ಪುನರುಜ್ಜೀವನ) ಕಾಲದ ರಾಜಕೀಯ ವಿಚಾರಗಳಿಗೂ ಇವತ್ತಿನ ಸರ್ಕಾರಗಳು ಕುರ್ಚಿ ಉಳಿಸಿಕೊಳ್ಳುವ ರೀತಿಗೂ ಸಂಬಂಧ ಇದೆಯೇ?

ನೀವು ಎರಡು ವಿಷಯ ಕೇಳಿದ್ದೀರಿ. ಇಟಲಿಯ ರಾಜಕೀಯ ಚಿಂತಕ ಮ್ಯಾಕಿಯವೆಲ್ಲಿಯಂಥವರು ಐನೂರು ವರ್ಷದ ಹಿಂದೆ ಬರೆದದ್ದು ಇವತ್ತಿನ ಸರ್ಕಾರಗಳಿಗೂ ಹೊಂದುತ್ತದೆಯೇ ಅನ್ನುವುದು ಒಂದು. ‘ಗುರಿ ಸರಿಯಿದ್ದರೆ ದಾರಿ ಯಾವುದಾದರೇನು’ ಅನ್ನುವುದೇ ಆತನ ಪಾಠ ಅಲ್ವಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ ಇಲ್ಲ. ಆ ಮಾತನ್ನು ಆತ ಹಾಗೆ ಎಲ್ಲೂ ಬರೆದಿಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮ್ಯಾಕಿಯವೆಲ್ಲಿ ಅಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ನರಿ, ಸಿಂಹ, ಮೋಸ, ಚೂರಿ. ಆದರೆ ಅಧಿಕಾರ ಹೇಗೆ ಉಳಿಯುತ್ತದೆ ಅಂತ ತಿಳಿಯಬೇಕಾದರೆ ಆತನ ‘ದಿ ಪ್ರಿನ್ಸ್’ ಪುಸ್ತಕಕ್ಕಿಂತ ಮೊದಲು ಆತನ ಊರನ್ನು ನೋಡಬೇಕು. ಆತ ಹುಟ್ಟಿದ್ದು 1469ರಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಆತ ಹುಟ್ಟುವುದಕ್ಕೆ 35 ವರ್ಷ ಮೊದಲೇ ಆ ಊರಿನಲ್ಲಿ ಮೆಡಿಚಿ ಅನ್ನುವ ಒಂದು ಕುಟುಂಬ ರಾಜ್ಯವನ್ನು ಕೈಗೆ ತೆಗೆದುಕೊಂಡಿತ್ತು. ಒಂದೇ ಒಂದು ಕಾನೂನನ್ನೂ ಎದುರೆದುರೇ ಮುರಿದಂತೆ ಕಾಣದ ಹಾಗೆ.

ಫ್ಲಾರೆನ್ಸ್‌ಗೆ ರಾಜ ಇರಲಿಲ್ಲ. ಅದು ಗಣರಾಜ್ಯ. ಒಂಬತ್ತು ಜನರ ಒಂದು ಮಂಡಳಿ ಊರನ್ನು ಆಳುತ್ತಿತ್ತು, ಅದಕ್ಕೆ ಸಿನ್ಯೋರಿಯಾ ಅಂತ ಹೆಸರು. ಅದರ ಅವಧಿ ಬರೀ ಎರಡು ತಿಂಗಳು. ಎರಡು ತಿಂಗಳಾದ ಮೇಲೆ ಎಲ್ಲರೂ ಮನೆಗೆ, ಹೊಸಬರು ಒಳಗೆ. ಅವರನ್ನು ಆರಿಸುತ್ತಿದ್ದದ್ದು ಚೀಟಿ ಎತ್ತಿ. ಅರ್ಹರಾದ ನಾಗರಿಕರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಚೀಲಗಳಲ್ಲಿ ಹಾಕಿಡುತ್ತಿದ್ದರು. ಯಾರ ಹೆಸರು ಬಂತೋ ಅವರು ಅಧಿಕಾರಕ್ಕೆ. ತೆರಿಗೆ ಬಾಕಿ ಇದ್ದವರ ಹೆಸರು ಬಂದರೆ ಅದನ್ನು ಪಕ್ಕಕ್ಕಿಡುತ್ತಿದ್ದರು. ಯಾವ ಮನೆತನವೂ ಕುರ್ಚಿಗೆ ಅಂಟಿಕೊಳ್ಳಬಾರದು, ಅದಕ್ಕೇ ಇಷ್ಟೆಲ್ಲ ಎಚ್ಚರ.

1434ರಲ್ಲಿ ಕೊಸಿಮೊ ದೆ ಮೆಡಿಚಿ ಅನ್ನುವ ಬ್ಯಾಂಕರ್ ಗಡಿಪಾರಿನಿಂದ ವಾಪಸ್ ಬಂದ. 1464ರಲ್ಲಿ ಸಾಯುವವರೆಗೆ, ಅಂದರೆ ಮೂವತ್ತು ವರ್ಷ, ಆ ಊರಿನಲ್ಲಿ ಆತನದೇ ಮಾತು. ಆದರೆ ಆ ಮೂವತ್ತು ವರ್ಷದಲ್ಲಿ ಆತ ಸಿನ್ಯೋರಿಯಾದ ಮುಖ್ಯಸ್ಥನಾಗಿ ಕೂತದ್ದು ಮೂರೇ ಸಲ. ಎರಡೆರಡು ತಿಂಗಳು, ಒಟ್ಟು ಆರು ತಿಂಗಳು. ಉಳಿದ ಇಪ್ಪತ್ತೊಂಬತ್ತೂವರೆ ವರ್ಷ ಬೇರೆ ಯಾರೋ ಕೂತಿದ್ದರು. ಹಾಗಾದರೆ ಆತ ಆಳಿದ್ದು ಹೇಗೆ?

ಚೀಟಿ ಎತ್ತುವುದನ್ನು ಆತ ನಿಲ್ಲಿಸಲಿಲ್ಲ. ಚೀಲಕ್ಕೆ ಚೀಟಿ ಹಾಕುವವರು ತನ್ನವರೇ ಆಗಿರುವಂತೆ ನೋಡಿಕೊಂಡ, ಅಷ್ಟೇ. ಅದಕ್ಕೆಂದೇ ಅಕೊಪ್ಪಿಯಾತೋರಿ ಅನ್ನುವ ಅಧಿಕಾರಿಗಳಿದ್ದರು. ಯಾರ ಹೆಸರು ಯಾವ ಚೀಲಕ್ಕೆ ಅಂತ ತೀರ್ಮಾನಿಸುವುದು ಅವರ ಕೆಲಸ. ದೊಡ್ಡ ಚೀಲದ ಬದಲು, ತಾವೇ ಆರಿಸಿದ ಕೆಲವೇ ಹೆಸರುಗಳ ಸಣ್ಣ ಚೀಲದಿಂದ ಚೀಟಿ ಎತ್ತಿಸುವ ಅಧಿಕಾರ ಅವರಿಗೆ ಸಿಕ್ಕಿತು. ತಾತ್ಕಾಲಿಕ ಏರ್ಪಾಡು ಅಂತ ಶುರುವಾದದ್ದು ಮತ್ತೆ ಮತ್ತೆ ಮುಂದುವರಿಯಿತು. ಮೊದಲಿನ ಹಾಗೇ ಗಂಟೆ ಹೊಡೆಯುತ್ತಿತ್ತು, ಚೀಟಿ ಎತ್ತುತ್ತಿದ್ದರು, ಹೆಸರು ಕೂಗುತ್ತಿದ್ದರು. ಯಾರ ಹೆಸರು ಬಂದರೂ ಅವರು ಮೆಡಿಚಿ ಕಡೆಯವರೇ.

ಇನ್ನೊಂದು ಆಯುಧ ತೆರಿಗೆ. ಜಾನೊಝ್ಝೊ ಮನೆತ್ತಿ ಅಂತ ಒಬ್ಬ ದೊಡ್ಡ ವಿದ್ವಾಂಸ, ಫ್ಲಾರೆನ್ಸ್ ಪರವಾಗಿ ಎಷ್ಟೋ ಕಡೆ ರಾಯಭಾರಿಯಾಗಿ ಹೋಗಿಬಂದವನು. ಆತ ಮೆಡಿಚಿ ಗುಂಪಿಗೆ ಬೇಡವಾದ. ಯಾರೂ ಆತನನ್ನು ಹಿಡಿದು ಹೊಡೆಯಲಿಲ್ಲ. ತೆರಿಗೆ ಹೇರಿದರು, ಇನ್ನಷ್ಟು ಹೇರಿದರು. 1453ರಲ್ಲಿ ಆತ ಊರು ಬಿಟ್ಟು ಹೋದ. ತೆರಿಗೆ ಬಾಕಿ ಇದ್ದರೆ ಅಧಿಕಾರಕ್ಕೆ ಅರ್ಹತೆ ಇಲ್ಲ ಅನ್ನುವ ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೇಡದವನಿಗೆ ಕಟ್ಟಲಾಗದಷ್ಟು ತೆರಿಗೆ ಹಾಕಿದರೆ ಆತನ ಹೆಸರು ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತೀವಲ್ಲ, ಹಾಗೆ.

ಇಷ್ಟೆಲ್ಲ ಇದ್ದೂ ಕೆಲವೊಮ್ಮೆ ಊರಿನ ಹಳೆಯ ಸಭೆಗಳು ತಿರುಗಿ ಬೀಳುತ್ತಿದ್ದವು. 1458ರಲ್ಲಿ ಹಾಗೇ ಆಯಿತು. ಆಗ ಪಾರ್ಲಮೆಂತೊ ಕರೆದರು. ಅಂದರೆ ಸಿನ್ಯೋರಿಯಾ ಕೂರುತ್ತಿದ್ದ ಅರಮನೆಯ ಗಂಟೆ ಹೊಡೆದು ಊರ ಜನರನ್ನೆಲ್ಲ ಚೌಕದಲ್ಲಿ ಸೇರಿಸಿ ಒಪ್ಪಿಗೆ ಕೇಳುವುದು. ಕೇಳುವುದಕ್ಕೆ ಇದಕ್ಕಿಂತ ದೊಡ್ಡ ಪ್ರಜಾಪ್ರಭುತ್ವ ಇಲ್ಲ ಅನ್ನಿಸುತ್ತದೆ. ಆದರೆ ಸುತ್ತ ಆಯುಧ ಹಿಡಿದ ಸೈನಿಕರು. ಮೇಲಿನಿಂದ ಒಬ್ಬ ಓದುತ್ತಾನೆ, ಕೆಳಗಿನವರು ಹೌದು ಹೌದು ಅಂತ ಕೂಗುತ್ತಾರೆ. ಅಲ್ಲಿಗೆ ವಿಶೇಷಾಧಿಕಾರ ಸಿಕ್ಕಿತು, ಜನರ ಒಪ್ಪಿಗೆಯ ಮುದ್ರೆಯ ಸಮೇತ.

ಇನ್ನು ಇವತ್ತಿನ ಕಾಲಕ್ಕೆ ಬನ್ನಿ. 2010ರಲ್ಲಿ ಹಂಗೇರಿಯಲ್ಲಿ ವಿಕ್ಟರ್ ಓರ್ಬಾನ್ ಅವರ ಫಿಡೆಸ್ ಪಕ್ಷ ಮೂರನೇ ಎರಡರಷ್ಟು ಬಹುಮತದಿಂದ ಗೆದ್ದಿತು. ಚುನಾವಣೆಯನ್ನು ಅದು ರದ್ದು ಮಾಡಲಿಲ್ಲ, ಸಂಸತ್ತನ್ನೂ ಮುಚ್ಚಲಿಲ್ಲ. ಹೊಸ ಸಂವಿಧಾನ ಬರೆಯಿತು, ಅದು 2012ರ ಜನವರಿ 1ರಿಂದ ಜಾರಿಗೆ ಬಂತು. ಸಂಸತ್ತಿನ ಸ್ಥಾನಗಳನ್ನು 386ರಿಂದ 199ಕ್ಕೆ ಇಳಿಸಿ, ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಎಳೆಯಿತು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿತು, ಒಂದೇ ಏಟಿಗೆ ಹಿರಿಯ ನ್ಯಾಯಾಧೀಶರ ಜಾಗಗಳು ಖಾಲಿಯಾದವು. ಯುರೋಪಿನ ನ್ಯಾಯಾಲಯ 2012ರ ಕೊನೆಯಲ್ಲಿ ಇದು ತಪ್ಪು ಅಂದಿತು. 2014ರ ಚುನಾವಣೆಯಲ್ಲಿ ಪಕ್ಷಕ್ಕೆ ಬಂದ ಮತ ಸುಮಾರು 45 ಶೇಕಡಾ, ಸ್ಥಾನ 199ರಲ್ಲಿ 133. ಮತ ಎಣಿಕೆಯಲ್ಲಿ ಕಳ್ಳಾಟ ಮಾಡಬೇಕಾದ ಅಗತ್ಯವೇ ಬೀಳಲಿಲ್ಲ. ಚೀಲ ಮೊದಲೇ ತುಂಬಿತ್ತು.

ಮೆಡಿಚಿಗಳ ಕಥೆಯನ್ನು ನಾನು ಇಷ್ಟು ಉದ್ದಕ್ಕೆ ಹೇಳಿದ್ದು ಇದಕ್ಕಾಗಿಯೇ. ಬಂದೂಕು ಹಿಡಿದು ರೇಡಿಯೋ ಸ್ಟೇಷನ್ ವಶ ಮಾಡಿಕೊಳ್ಳುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಚೀಲಕ್ಕೆ ಹೆಸರು ಹಾಕುವವರು ಯಾರು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಮ್ಯಾಕಿಯವೆಲ್ಲಿ ಇದನ್ನು ಚೆನ್ನಾಗಿ ಬಲ್ಲ. ‘ಡಿಸ್ಕೋರ್ಸಸ್’ ಅನ್ನುವ ಪುಸ್ತಕದಲ್ಲಿ, ಆಡಳಿತ ಬದಲಿಸುವವನು ಹಳೆಯ ಪದ್ಧತಿಗಳ ನೆರಳನ್ನಾದರೂ ಉಳಿಸಿಕೊಳ್ಳಬೇಕು, ಯಾಕೆಂದರೆ ಹೆಚ್ಚಿನ ಜನ ಇರುವುದಕ್ಕಿಂತ ತೋರುವುದನ್ನೇ ನಂಬುತ್ತಾರೆ ಅನ್ನುತ್ತಾನೆ. ಅಲ್ಲಿ ಆತ ಕೊಡುವ ಉದಾಹರಣೆ ರೋಮ್‌ನದು. ರಾಜನನ್ನು ಓಡಿಸಿ ಕಾನ್ಸಲ್ ಅನ್ನುವ ಇಬ್ಬರು ಮುಖ್ಯಾಧಿಕಾರಿಗಳನ್ನು ನೇಮಿಸಿದಾಗಲೂ ರೋಮನ್ನರು ಮುಂದೆ ನಡೆಯುವ ದಂಡಧಾರಿಗಳ ಸಂಖ್ಯೆಯನ್ನು ರಾಜನಿಗಿದ್ದ ಹಾಗೆ ಹನ್ನೆರಡೇ ಇಟ್ಟರಂತೆ. ಹಳೆಯದು ಹಾಗೇ ಇದೆ ಅಂತ ಜನಕ್ಕೆ ಅನ್ನಿಸಲಿ ಅಂತ.

ತೆರಿಗೆಯ ಆಯುಧವೂ ಹಳೆಯದಾಗಿಲ್ಲ. ಅಮೆರಿಕದಲ್ಲಿ ನಿಕ್ಸನ್ ಕಾಲದಲ್ಲಿ ಅಧ್ಯಕ್ಷರ ಕಚೇರಿ ವಿರೋಧಿಗಳ ಹೆಸರುಗಳ ಪಟ್ಟಿಯನ್ನೇ ಮಾಡಿತ್ತು. 1972ರ ಸೆಪ್ಟೆಂಬರ್‌ನಲ್ಲಿ ಅಂಥ ಒಂದು ಪಟ್ಟಿಯನ್ನು ತೆರಿಗೆ ಇಲಾಖೆಯ ಮುಖ್ಯಸ್ಥ ಜಾನಿ ವಾಲ್ಟರ್ಸ್ ಕೈಗೆ ಕೊಟ್ಟು, ಇವರ ಲೆಕ್ಕಪತ್ರ ಕೆದಕಿ ಅಂದರು. ವಾಲ್ಟರ್ಸ್ ತಮ್ಮ ಮಂತ್ರಿಯ ಜೊತೆ ಮಾತಾಡಿದರು. ಏನೂ ಮಾಡಬಾರದು ಅಂತ ಇಬ್ಬರೂ ತೀರ್ಮಾನಿಸಿದರು. ಪಟ್ಟಿ ತಿಜೋರಿಗೆ ಹೋಯಿತು. ತೆರಿಗೆ ಇಲಾಖೆಯನ್ನು ಹೀಗೆ ಬಳಸಲು ನೋಡಿದ್ದು 1974ರಲ್ಲಿ ನಿಕ್ಸನ್ ಮೇಲಿನ ಮಹಾಭಿಯೋಗದ ಆರೋಪಗಳಲ್ಲಿ ಸೇರಿತು. ಮನೆತ್ತಿಗೆ ಅಂಥ ಅಧಿಕಾರಿ ಒಬ್ಬ ಸಿಕ್ಕಿರಲಿಲ್ಲ. ಐನೂರು ವರ್ಷದಲ್ಲಿ ನಾವು ಗಳಿಸಿದ್ದೇನು ಅಂತ ಯಾರಾದರೂ ಕೇಳಿದರೆ ನಾನು ಆ ತಿಜೋರಿಯನ್ನು ತೋರಿಸುತ್ತೇನೆ. ಬೇಡ ಅನ್ನುವ ಅಧಿಕಾರಿ, ಅವನ ಬೆನ್ನಿಗಿರುವ ಕಾನೂನು, ಇವೆರಡೂ ಇದ್ದಲ್ಲಿ ಮಾತ್ರ ಈ ಮಾತು ನಿಜ.

ಈಗ ‘ದಿ ಪ್ರಿನ್ಸ್’ಗೆ ಬರೋಣ. 1494ರಲ್ಲಿ ಫ್ಲಾರೆನ್ಸ್ ಮೆಡಿಚಿಗಳನ್ನು ಓಡಿಸಿತು. ಮೂರು ಸಾವಿರಕ್ಕೂ ಜಾಸ್ತಿ ನಾಗರಿಕರ ಮಹಾಸಭೆ ಶುರುವಾಯಿತು, ಅದಕ್ಕೆಂದೇ ದೊಡ್ಡ ಸಭಾಂಗಣ ಕಟ್ಟಿದರು. ಮ್ಯಾಕಿಯವೆಲ್ಲಿ 1498ರಿಂದ 1512ರವರೆಗೆ ಆ ಗಣರಾಜ್ಯದ ನೌಕರ. 1512ರಲ್ಲಿ ಸ್ಪೇನ್ ಸೈನ್ಯದ ಬಲದಿಂದ ಮೆಡಿಚಿಗಳು ವಾಪಸ್ ಬಂದು, ಮತ್ತೆ ಪಾರ್ಲಮೆಂತೊ ಕರೆದು, ಮತ್ತೆ ‘ಒಪ್ಪಿಗೆ’ ಪಡೆದರು. ಆ ಸಭಾಂಗಣ ಸೈನಿಕರ ವಸತಿಯಾಯಿತು. ಮ್ಯಾಕಿಯವೆಲ್ಲಿಯ ಕೆಲಸ ಹೋಯಿತು. ಮಾರನೇ ವರ್ಷ ಪಿತೂರಿಯ ಅನುಮಾನದ ಮೇಲೆ ಜೈಲಿಗೆ ಹಾಕಿ, ಕೈಗಳನ್ನು ಹಿಂದೆ ಕಟ್ಟಿ ಹಗ್ಗದಲ್ಲಿ ಎತ್ತಿ ಬಿಟ್ಟು ಹಿಂಸಿಸಿದರು. ಹೊರಬಂದು ಊರಾಚೆಯ ತೋಟದ ಮನೆಯಲ್ಲಿ ಕೂತು, ಅದೇ ವರ್ಷ, ಆತ ಆ ಸಣ್ಣ ಪುಸ್ತಕ ಬರೆದ. ಅಚ್ಚಾದದ್ದು 1532ರಲ್ಲಿ, ಆತ ಸತ್ತು ಐದು ವರ್ಷದ ಮೇಲೆ.

ಪ್ರೀತಿಗಿಂತ ಭಯ ಗಟ್ಟಿ ಅನ್ನುವ ಮಾತು ಅದರ 17ನೇ ಅಧ್ಯಾಯದಲ್ಲಿ ಇದೆ, ನಿಜ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ಭಯ ಇರಲಿ, ದ್ವೇಷ ಮಾತ್ರ ಬೇಡ. ಪ್ರಜೆಗಳ ಆಸ್ತಿಗೂ ಅವರ ಹೆಂಗಸರಿಗೂ ಕೈ ಹಾಕಬೇಡ. ಅಪ್ಪ ಸತ್ತದ್ದನ್ನು ಮರೆತಾರು, ಅಪ್ಪನ ಆಸ್ತಿ ಹೋದದ್ದನ್ನು ಅಷ್ಟು ಬೇಗ ಮರೆಯುವುದಿಲ್ಲ ಅನ್ನುತ್ತಾನೆ. ಜನ ದ್ವೇಷಿಸದೇ ಇರುವುದೇ ಎಲ್ಲಕ್ಕಿಂತ ಒಳ್ಳೆಯ ಕೋಟೆ ಅಂತ ಮುಂದೆ ಇನ್ನೊಂದು ಕಡೆ ಹೇಳುತ್ತಾನೆ.

ಈ ಸೂತ್ರವನ್ನು ನಮ್ಮ ದೇಶದ ತುರ್ತು ಪರಿಸ್ಥಿತಿಯ ಮೇಲೆ ಇಟ್ಟು ನೋಡಿ. 1975ರ ಜೂನ್ 25ರ ರಾತ್ರಿಯಿಂದ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಒಳಗೆ ಹಾಕಿದರು. ವಾಜಪೇಯಿ, ಅಡ್ವಾಣಿ ಇಬ್ಬರನ್ನೂ ಇಟ್ಟಿದ್ದ ಬೆಂಗಳೂರಿನ ಸೆಂಟ್ರಲ್ ಜೈಲಿನ ಜಾಗವೇ ಇವತ್ತಿನ ಫ್ರೀಡಂ ಪಾರ್ಕ್. ಪತ್ರಿಕೆಗಳ ಬಾಯಿ ಕಟ್ಟಿದರು. ಹಾಗಿದ್ದರೂ ಸಂಸತ್ತು ಕೂಡುತ್ತಿತ್ತು, ಸಂವಿಧಾನದ ತಿದ್ದುಪಡಿಗಳೆಲ್ಲ ಮತಕ್ಕೆ ಹಾಕಿಯೇ ಪಾಸಾದವು. ನೆರಳು ಉಳಿಸಿಕೊಳ್ಳುವ ಪಾಠ ಇಲ್ಲೂ ಇತ್ತು. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಉತ್ತರ ಪ್ರದೇಶದ 85ರಲ್ಲಿ ಕಾಂಗ್ರೆಸ್‌ಗೆ ಸೊನ್ನೆ, ಬಿಹಾರದ 54ರಲ್ಲಿ ಸೊನ್ನೆ. ಕರ್ನಾಟಕದ 28ರಲ್ಲಿ 26, ಆಂಧ್ರದ 42ರಲ್ಲಿ 41.

ಒಂದೇ ತುರ್ತು ಪರಿಸ್ಥಿತಿ, ಒಂದೇ ಪ್ರಧಾನಿ, ಫಲಿತಾಂಶ ಮಾತ್ರ ಇಷ್ಟು ಬೇರೆ. ಯಾಕೆ? ಜೈಲು, ಸೆನ್ಸಾರ್ ಎರಡೂ ಕಡೆ ಇತ್ತು. ಉತ್ತರದಲ್ಲಿ ಅದರ ಜೊತೆಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಇತ್ತು, ಮನೆ ಒಡೆಯುವುದಿತ್ತು. ದೇಶದಲ್ಲಿ 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಜಾಸ್ತಿ ಶಸ್ತ್ರಚಿಕಿತ್ಸೆ ಆಯಿತು. ದೆಹಲಿಯ ತುರ್ಕಮಾನ್ ಗೇಟ್‌ನಲ್ಲಿ ಬುಲ್ಡೋಜರ್ ಹೋಯಿತು. ಮನೆ ಮತ್ತು ಮೈ, ಎರಡಕ್ಕೂ ಕೈ ಹಾಕಿದ್ದರು. ನಮ್ಮಲ್ಲಿ ಆ ಬಲವಂತ ಅಷ್ಟು ತೀವ್ರವಾಗಿರಲಿಲ್ಲ. ಮೇಲಾಗಿ ದೇವರಾಜ ಅರಸು ಅವರ ಸರ್ಕಾರ 1974ರ ಭೂ ಸುಧಾರಣೆಯಡಿ ಗೇಣಿದಾರರಿಗೆ ಹೊಲ ಕೊಡಿಸುತ್ತಿತ್ತು. ಅಲ್ಲಿ ಇದ್ದದ್ದು ಹೋಯಿತು, ಇಲ್ಲಿ ಇಲ್ಲದ್ದು ಬಂತು. ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಮ್ಯಾಕಿಯವೆಲ್ಲಿಯ 17ನೇ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಕನ್ನಡದವರಾದ ನಮಗೆ ಇದು ಸ್ವಲ್ಪ ನೋಯಿಸುವ ಉದಾಹರಣೆ ಕೂಡ. ಜೈಲಿನಲ್ಲಿದ್ದವರಿಗಾಗಿ ನಾವು ಮತ ಹಾಕಲಿಲ್ಲ ಅಂತಲೂ ಇದನ್ನು ಓದಬಹುದು.

ಇನ್ನೊಂದು ಮುಖ್ಯ ವಿಷಯ. ಉತ್ತರದ ಜನರ ದ್ವೇಷ ಕೆಲಸ ಮಾಡಿದ್ದು ಚೀಲ ತೆರೆದಿದ್ದರಿಂದ. ಚುನಾವಣೆ ನಡೆಯಿತು, ಮತ ಎಣಿಸಿದರು, ಸೋತವರು ಇಳಿದರು. ಫ್ಲಾರೆನ್ಸ್‌ನಲ್ಲಿ ಆ ಬಾಗಿಲು ಮುಚ್ಚಿತ್ತು. ಹಾಗಾಗಿ ವಿರೋಧಿಗಳಿಗೆ ಉಳಿದದ್ದು ಚೂರಿ. 1478ರ ಏಪ್ರಿಲ್ 26ರಂದು, ಭಾನುವಾರದ ಪೂಜೆಯ ಹೊತ್ತಿಗೆ, ಪಾಝಿ ಮನೆತನದವರು ಮುಖ್ಯ ಚರ್ಚಿನೊಳಗೇ ಕೊಸಿಮೊನ ಮೊಮ್ಮಕ್ಕಳ ಮೇಲೆ ಬಿದ್ದರು. ಜುಲಿಯಾನೊ ಸತ್ತ, ಅಣ್ಣ ಲೊರೆಂಝೊ ತಪ್ಪಿಸಿಕೊಂಡ. ಆಮೇಲೆ ಏನಾಯಿತು? ಪಾಝಿಗಳಲ್ಲಿ ಹಲವರನ್ನು ಕೊಂದರು, ಉಳಿದವರನ್ನು ಜೈಲಿಗೆ ಹಾಕಿದರು, ಇಲ್ಲವೇ ಗಡಿಪಾರು ಮಾಡಿದರು. 1480ರಲ್ಲಿ ಲೊರೆಂಝೊ ಎಪ್ಪತ್ತು ಜನರ ಹೊಸ ಮಂಡಳಿ ಮಾಡಿ ಹಿಡಿತ ಇನ್ನೂ ಬಿಗಿ ಮಾಡಿದ. ಬೆದರಿಕೆಯನ್ನೇ ಕಾರಣ ಮಾಡಿಕೊಂಡು ಅಧಿಕಾರ ಹೆಚ್ಚಿಸಿಕೊಳ್ಳುವುದು ಕೂಡ ಅಲ್ಲಿಂದ ಇಲ್ಲಿವರೆಗೆ ಬದಲಾಗಿಲ್ಲ.

ಮ್ಯಾಕಿಯವೆಲ್ಲಿ ಬರೀ ಕುರ್ಚಿ ಕಾಯುವವರ ಗುರು ಅಂತ ನಾನು ಒಪ್ಪದಿರುವುದಕ್ಕೆ ಒಂದು ಗಟ್ಟಿ ಕಾರಣ ಇದೆ. 1520ರ ಸುಮಾರಿಗೆ, ಫ್ಲಾರೆನ್ಸ್‌ನ ಆಡಳಿತ ಹೇಗಿರಬೇಕು ಅಂತ ಮೆಡಿಚಿಗಳ ಕಡೆಯಿಂದಲೇ ಆತನಿಗೆ ಕೇಳಿಕೆ ಬಂತು. ತನ್ನ ಕೆಲಸ ಕಿತ್ತುಕೊಂಡವರು, ತನ್ನ ತೋಳು ಮುರಿಯುವಷ್ಟು ಹಿಂಸಿಸಿದವರು. ಹೌದಪ್ಪ ಅಂದಿದ್ದರೆ ಕೆಲಸ ವಾಪಸ್ ಸಿಗುವ ಆಸೆ ಇತ್ತು. ಆತ ಬರೆದದ್ದು, ಮಹಾಸಭೆಯ ಆ ಸಭಾಂಗಣವನ್ನು ಮತ್ತೆ ತೆರೆಯಿರಿ ಅಂತ. ಸಾಮಾನ್ಯ ಜನರಿಗೆ ಪಾಲು ಕೊಡದೆ ಯಾವ ಗಣರಾಜ್ಯವೂ ಗಟ್ಟಿಯಾಗಿ ನಿಂತಿಲ್ಲ ಅಂತ. ಅವರು ತೆರೆಯಲಿಲ್ಲ. 1527ರಲ್ಲಿ ಜನ ಅವರನ್ನು ಮತ್ತೆ ಓಡಿಸಿದರು. ಮ್ಯಾಕಿಯವೆಲ್ಲಿ ಆ ವರ್ಷದ ಜೂನ್‌ನಲ್ಲೇ ತೀರಿಕೊಂಡ. ಮೆಡಿಚಿಗಳು ಮತ್ತೆ ವಾಪಸ್ ಬಂದರು, 1532ರಲ್ಲಿ ಆ ಕುಟುಂಬದವನೊಬ್ಬ ಡ್ಯೂಕ್ ಆದ, ಸಿನ್ಯೋರಿಯಾವನ್ನೇ ತೆಗೆದುಹಾಕಿದರು. ಆ ಹೊತ್ತಿಗೆ ನೆರಳೂ ಬೇಕಾಗಿರಲಿಲ್ಲ.

‘ದಿ ಪ್ರಿನ್ಸ್’ ಓದಲು ಶುರು ಮಾಡಿ ಮಧ್ಯಕ್ಕೆ ಬಿಟ್ಟೆ ಅಂತ ಬರೆದಿದ್ದೀರಿ. ಮೊದಲ ಪುಟದಿಂದ ಹೋದರೆ ಹಾಗಾಗುತ್ತದೆ, ಅಷ್ಟು ಹೆಸರುಗಳಿವೆ. 9ನೇ ಅಧ್ಯಾಯದಿಂದ ಶುರು ಮಾಡಿ, ದೊಡ್ಡವರ ಬೆಂಬಲಕ್ಕಿಂತ ಜನರ ಬೆಂಬಲದ ಮೇಲೆ ನಿಂತವನು ಯಾಕೆ ಗಟ್ಟಿ ಅನ್ನುವುದು ಅಲ್ಲಿದೆ. ಆಮೇಲೆ 17, 18. ಹೊಗಳುಭಟರ ಬಗ್ಗೆ ಇರುವ 23 ತುಂಬಾ ಚಿಕ್ಕದು, ಬಿಡಬೇಡಿ. ಅಷ್ಟಾದ ಮೇಲೆ ‘ಡಿಸ್ಕೋರ್ಸಸ್’ ಮೊದಲ ಭಾಗದ 4ನೇ ಅಧ್ಯಾಯ ಒಂದನ್ನಾದರೂ ಓದಿ. ರೋಮ್‌ನಲ್ಲಿ ಜನರೂ ಸೆನೆಟ್ಟೂ ಬೀದಿಯಲ್ಲಿ ಜಗಳಾಡಿದ್ದರಿಂದಲೇ ಅಲ್ಲಿ ಸ್ವಾತಂತ್ರ್ಯ ಉಳಿಯಿತು ಅಂತ ಆತ ವಾದಿಸುವುದು ಅಲ್ಲಿಯೇ. ಓದಿ ಒಪ್ಪಿಗೆಯಾಗದಿದ್ದರೆ ಕೆಳಗೆ ಬರೆಯಿರಿ, ಅದರ ಬಗ್ಗೆ ಮಾತಾಡಲು ನನಗೆ ಇನ್ನೂ ಬೇಕಾದಷ್ಟಿದೆ.