ದಾಖಲೆಯೇ ಇಲ್ಲದ ನೆಟ್‌ವರ್ಕ್ ಕೈಗೆ ಬಂದಾಗ ಎಲ್ಲಿಂದ ಆರಂಭಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಹಿಂದಿನ ನಿರ್ವಾಹಕರು ಕೆಲಸ ಬಿಟ್ಟು ಹೋಗಿದ್ದಾರೆ. ಸುಮಾರು 150 ಕಂಪ್ಯೂಟರ್‌ಗಳು, ಅವುಗಳನ್ನು ಒಂದಕ್ಕೊಂದು ಜೋಡಿಸುವ ಹತ್ತು ಹನ್ನೆರಡು ಸ್ವಿಚ್‌ಗಳು, ನಾಲ್ಕು ಸರ್ವರ್‌ಗಳು ಏಕಾಏಕಿ ನಿಮ್ಮ ಹೆಗಲೇರಿವೆ. ಒಂದು ಪುಟದ ದಾಖಲೆಯೂ ಇಲ್ಲ. ಯಾವ ಮಾನಿಟರಿಂಗ್ ತಂತ್ರಾಂಶ ಹಾಕಿಕೊಳ್ಳಲಿ ಎಂದು ಕೇಳಿದ್ದೀರಿ.

ತಂತ್ರಾಂಶದ ಹೆಸರನ್ನು ಕೊನೆಯಲ್ಲಿ ಹೇಳುತ್ತೇನೆ. ಇಂದೇ ಅದನ್ನು ಹಾಕಿದರೆ ಪರದೆಯ ತುಂಬ ಕೆಂಪು, ಹಸಿರು ಚುಕ್ಕೆಗಳು ಬರುತ್ತವೆ. ಅವುಗಳಲ್ಲಿ ಯಾವುದು ಇವತ್ತಿನ ತೊಂದರೆ, ಯಾವುದು ವರ್ಷಗಳಿಂದ ಹಾಗೆಯೇ ಇದ್ದದ್ದು ಎಂದು ಹೇಳಲು ನಿಮ್ಮ ಬಳಿ ಆಧಾರವಿರುವುದಿಲ್ಲ. ಈ ಕೆಲಸದಲ್ಲಿ ಹದಿನಾರು ವರ್ಷ ಕಳೆದ ಮೇಲೆ ನಾನು ನಂಬಿರುವುದು ಇದು: ನೆಟ್‌ವರ್ಕ್ ಚೆನ್ನಾಗಿರುವ ದಿನ ಹೇಗಿರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ. ಅದು ಇಲ್ಲದಿದ್ದರೆ, ಕೆಟ್ಟ ದಿನ ಏನು ಬದಲಾಗಿದೆ ಎಂದು ಕಂಡುಹಿಡಿಯುವುದಕ್ಕೇ ಅರ್ಧ ದಿನ ಹೋಗುತ್ತದೆ.

ಆದರೆ ಅದಕ್ಕೂ ಮುಂಚೆ ಇವತ್ತೇ ಒಂದು ವಿಷಯ ನೋಡಿ. ನಿಮ್ಮ ಸಂಸ್ಥೆಯ ಡೊಮೈನ್ ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆ? ನವೀಕರಣದ ಸೂಚನೆ ಯಾವ ಇಮೇಲ್ ವಿಳಾಸಕ್ಕೆ ಹೋಗುತ್ತದೆ? ನಾನು ಹಿಂದೆ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಅದು ಎರಡು ವರ್ಷದ ಹಿಂದೆ ಬಿಟ್ಟು ಹೋದವರ ಅಂಚೆಪೆಟ್ಟಿಗೆಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಇಮೇಲ್ ನಿಂತಿತು, ಜಾಲತಾಣ ನಿಂತಿತು. ನಾವು ಮೂರು ಗಂಟೆ ಕಾಲ ಫೈರ್‌ವಾಲ್ ಹಿಡಿದು ಕುಳಿತಿದ್ದೆವು. ಡೊಮೈನ್ ಅವಧಿ ಮುಗಿದಿರಬಹುದು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ, ಏಕೆಂದರೆ ಅದು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ಜಾಲತಾಣದ ಗುರುತನ್ನು ಖಾತ್ರಿಪಡಿಸುವ ಟಿಎಲ್‌ಎಸ್ ಪ್ರಮಾಣಪತ್ರಗಳ ಕಥೆಯೂ ಅದೇ. ಮೊದಲು ಒಮ್ಮೆ ಹಾಕಿದರೆ ಎರಡು ಮೂರು ವರ್ಷ ಮರೆತುಬಿಡಬಹುದಿತ್ತು. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ ಅವಧಿ 398 ದಿನಗಳಿಗೆ ಇಳಿಯಿತು. 2026ರ ಮಾರ್ಚ್‌ನಿಂದ ಅದು 200 ದಿನ, 2029ರ ಮಾರ್ಚ್‌ನಿಂದ ಕೇವಲ 47 ದಿನ ಎಂದು ನಿರ್ಧಾರವಾಗಿದೆ. ಕೈಯಿಂದ ನವೀಕರಿಸುವ ಕಾಲ ಮುಗಿಯಿತು. ಯಾವ ಪ್ರಮಾಣಪತ್ರ ಎಲ್ಲಿದೆ ಎಂದು ಪತ್ತೆ ಮಾಡಿ, ನವೀಕರಣವನ್ನು ಸ್ವಯಂಚಾಲಿತಗೊಳಿಸಿ.

ಇನ್ನು ಸಾಧನಗಳ ಪಟ್ಟಿ. ಹೊರಗಿನ ಸಂಪರ್ಕ ಕಟ್ಟಡದೊಳಗೆ ಬರುವ ಜಾಗದಿಂದ ಆರಂಭಿಸಿ, ಕೇಬಲ್ ಹಿಡಿದು ನಡೆಯಿರಿ. ಎಲ್‌ಎಲ್‌ಡಿಪಿ (ಸಾಧನಗಳು ನೆರೆಯವಕ್ಕೆ ತಮ್ಮ ಪರಿಚಯ ಹೇಳಿಕೊಳ್ಳುವ ವ್ಯವಸ್ಥೆ) ಚಾಲನೆಯಲ್ಲಿದ್ದರೆ ಪಕ್ಕದ ಸ್ವಿಚ್ ಯಾವುದು, ಅದರ ಯಾವ ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) ಎಂದು ಸ್ವಿಚ್ಚೇ ಹೇಳುತ್ತದೆ. ಇಲ್ಲದಿದ್ದರೆ ಮ್ಯಾಕ್ ವಿಳಾಸಗಳ ಕೋಷ್ಟಕ (ಯಾವ ಪೋರ್ಟಿನಲ್ಲಿ ಯಾವ ಯಂತ್ರಾಂಶ ವಿಳಾಸ) ಮತ್ತು ಎಆರ್‌ಪಿ ಕೋಷ್ಟಕ (ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ) ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾವ ಪೋರ್ಟಿನ ಹಿಂದೆ ಯಾವ ಯಂತ್ರವಿದೆ ಎಂದು ಗುರುತಿಸಬಹುದು. ಬೇಸರ ತರಿಸುವ ಕೆಲಸ, ನಿಜ. ಆದರೂ ಮೊದಲ ಸಲ ಇದನ್ನು ನೀವೇ ಮಾಡಿ, ಸ್ವಯಂಚಾಲಿತ ಶೋಧಕ್ಕೆ ಬಿಡಬೇಡಿ. ಮೇಜಿನ ಕೆಳಗೆ ಯಾರೋ ತಂದಿಟ್ಟ ಪುಟ್ಟ ಸ್ವಿಚ್, ಎರಡು ತುದಿಯೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ ಕೇಬಲ್, ಯುಪಿಎಸ್‌ಗೆ ಜೋಡಿಸದೆ ಗೋಡೆಯ ಪ್ಲಗ್ಗಿನಲ್ಲೇ ಇರುವ ಮುಖ್ಯ ಸ್ವಿಚ್, ಇವೆಲ್ಲ ಕಣ್ಣಿಗೆ ಬೀಳುವುದು ನಡೆದು ನೋಡಿದಾಗಲೇ. ಪ್ರತಿ ಸಾಧನದ ಎದುರು ಅದು ಏನು ಮಾಡುತ್ತದೆ, ಅದು ನಿಂತರೆ ಯಾರ ಕೆಲಸ ನಿಲ್ಲುತ್ತದೆ, ಆಗ ಯಾರನ್ನು ಕರೆಯಬೇಕು ಎಂದು ಬರೆಯಿರಿ. ಮಾದರಿಯ ಹೆಸರು, ಸಂಖ್ಯೆಗಳಿಗಿಂತ ಇವು ಮುಖ್ಯ.

ಎಲ್ಲ ಸಾಧನಗಳ ಗಡಿಯಾರವನ್ನು ಎನ್‌ಟಿಪಿ (ನೆಟ್‌ವರ್ಕ್ ಮೇಲೆ ಸಮಯ ಹೊಂದಿಸುವ ವ್ಯವಸ್ಥೆ) ಮೂಲಕ ಒಂದೇ ಮೂಲಕ್ಕೆ ಹೊಂದಿಸಿ. ಸ್ವಿಚ್‌ನ ಲಾಗ್ (ಘಟನೆಗಳ ದಾಖಲೆ) ಒಂದು ಸಮಯ, ಸರ್ವರ್‌ನ ಲಾಗ್ ಇನ್ನೊಂದು ಸಮಯ ತೋರಿಸಿದರೆ ಮೊದಲು ನಡೆದದ್ದು ಯಾವುದು ಎಂದೇ ತಿಳಿಯುವುದಿಲ್ಲ. ಬಳಕೆದಾರರ ಗುರುತು ಪರಿಶೀಲಿಸಲು ಕೆರ್ಬೆರೋಸ್ ವ್ಯವಸ್ಥೆ ಬಳಸುವ ಜಾಲದಲ್ಲಿ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಲಾಗಿನ್ ಕೂಡ ಆಗುವುದಿಲ್ಲ. ಗಡಿಯಾರಗಳು ಸರಿಯಾದ ಮೇಲೆ ಲಾಗ್‌ಗಳನ್ನೆಲ್ಲ ಒಂದು ಯಂತ್ರಕ್ಕೆ ಕಳುಹಿಸಿ. ಸಾಧನವೇ ಸತ್ತರೆ ಅದರೊಳಗಿನ ಲಾಗ್ ಯಾರ ಕೈಗೂ ಸಿಗುವುದಿಲ್ಲ.

ಅಳತೆಯ ವಿಷಯಕ್ಕೆ ಬರೋಣ. 1988ರಲ್ಲಿ ಬಂದ ಎಸ್‌ಎನ್‌ಎಂಪಿ (ಸಾಧನಗಳ ಸ್ಥಿತಿ, ಎಣಿಕೆಗಳನ್ನು ದೂರದಿಂದ ಓದುವ ನಿಯಮಾವಳಿ) ಇಂದಿಗೂ ಹೆಚ್ಚಿನ ಸ್ವಿಚ್‌ಗಳನ್ನು ಗಮನಿಸುವ ದಾರಿ. ಮೊದಲ ಕೆಲಸವಾಗಿ ‘ಪಬ್ಲಿಕ್’ ಎಂಬ ಡೀಫಾಲ್ಟ್ ಗುಪ್ತಪದವನ್ನು ತೆಗೆದುಹಾಕಿ, ಸಾಧನ ಒಪ್ಪುವುದಾದರೆ ಮೂರನೇ ಆವೃತ್ತಿಗೆ ಹೋಗಿ. ಎರಡನೆಯ ವಿಷಯ ನಾನು ಪೆಟ್ಟು ತಿಂದು ಕಲಿತದ್ದು. ಪೋರ್ಟಿನ ಮೂಲಕ ಹಾದುಹೋದ ಬೈಟ್‌ಗಳ ಹಳೆಯ ಎಣಿಕೆ 32 ಬಿಟ್‌ನದು. ಸುಮಾರು 429 ಕೋಟಿ ಬೈಟ್ ದಾಟಿದ ಕೂಡಲೇ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. ಒಂದು ಗಿಗಾಬಿಟ್ ಸಂಪರ್ಕ ತುಂಬಿ ಹರಿಯುತ್ತಿದ್ದರೆ ಇದಕ್ಕೆ 34 ಸೆಕೆಂಡು ಸಾಕು. ನೀವು ಐದು ನಿಮಿಷಕ್ಕೊಮ್ಮೆ ಓದುತ್ತಿದ್ದರೆ, ನಡುವೆ ಎಣಿಕೆ ಎಷ್ಟು ಸುತ್ತು ಹೊಡೆಯಿತು ಎಂಬುದು ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ತುಂಬಿ ತುಳುಕುತ್ತಿದ್ದ ಸಂಪರ್ಕದ ಗ್ರಾಫ್ ನಮಗೆ ತಿಂಗಳುಗಟ್ಟಲೆ ನಿರಾಳವಾಗಿ ಕಂಡಿತ್ತು. ಅದನ್ನು ನಂಬಿ, ನಿಧಾನ ಎಂದು ದೂರು ಕೊಟ್ಟವರನ್ನು ನಾನು ನಂಬಲಿಲ್ಲ. ಅವರಲ್ಲಿ ಕ್ಷಮೆ ಕೇಳಬೇಕಾಯಿತು. 64 ಬಿಟ್‌ನ ಎಣಿಕೆಗಳನ್ನೇ ಓದುವಂತೆ ಹೊಂದಿಸಿ.

ಬಳಕೆಯ ಶೇಕಡಾವಾರಿಗಿಂತ ದೋಷಗಳ ಎಣಿಕೆಯನ್ನು ಹೆಚ್ಚು ನೋಡಿ. ಐದು ನಿಮಿಷದ ಸರಾಸರಿ ಶೇ. 30 ಇದ್ದರೂ, ಆ ಅವಧಿಯೊಳಗೆ ಕ್ಷಣಮಾತ್ರದ ನೂಕುನುಗ್ಗಲಿನಲ್ಲಿ ಪ್ಯಾಕೆಟ್‌ಗಳು (ದತ್ತಾಂಶದ ತುಣುಕುಗಳು) ಬಿದ್ದುಹೋಗಿರಬಹುದು. ಸರಾಸರಿ ಅದನ್ನು ಮುಚ್ಚಿಡುತ್ತದೆ, ಬಿಸಾಡಿದ ಪ್ಯಾಕೆಟ್‌ಗಳ ಎಣಿಕೆ ಮುಚ್ಚಿಡುವುದಿಲ್ಲ. ಸಿಆರ್‌ಸಿ ದೋಷ (ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶದ ಎಣಿಕೆ) ಏರುತ್ತಿದ್ದರೆ ಕೇಬಲ್ ಬದಲಿಸಿ ನೋಡಿ. ಒಂದು ತುದಿ ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕು), ಇನ್ನೊಂದು ಹಾಫ್ (ಒಮ್ಮೆಗೆ ಒಂದೇ ದಿಕ್ಕು) ಆಗಿ ನಿಂತಿದ್ದರೆ, ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಪರೀಕ್ಷೆ ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಕಡತ ಮಾತ್ರ ತೆವಳುತ್ತದೆ. ಎರಡು ಮೂರು ವಾರ ಸುಮ್ಮನೆ ದಾಖಲಿಸಿ. ಬೆಳಿಗ್ಗೆ ಎಲ್ಲರೂ ಲಾಗಿನ್ ಆಗುವ ಹೊತ್ತು, ರಾತ್ರಿ ಬ್ಯಾಕಪ್ ಓಡುವ ಹೊತ್ತು, ತಿಂಗಳ ಕೊನೆಯ ಲೆಕ್ಕದ ದಿನ, ಒಂದೊಂದಕ್ಕೂ ಒಂದೊಂದು ಆಕಾರವಿರುತ್ತದೆ. ಆ ಆಕಾರ ಕಣ್ಣಿಗೆ ರೂಢಿಯಾದ ಮೇಲೆ ಅಸಹಜವಾದದ್ದು ತಾನಾಗಿಯೇ ಎದ್ದು ಕಾಣುತ್ತದೆ.

ಪಿಂಗ್ ಬಗ್ಗೆ ಒಂದು ಮಾತು. 1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ ಅದನ್ನು ಬರೆದದ್ದು ನೆಟ್‌ವರ್ಕಿನ ಒಂದು ವಿಚಿತ್ರ ವರ್ತನೆಯನ್ನು ಪತ್ತೆ ಮಾಡಲು. ಅದು ಅದ್ಭುತ ಸಾಧನ, ಆದರೆ ಅದಕ್ಕೆ ಉತ್ತರ ಕೊಡುವುದು ಯಂತ್ರ, ಸೇವೆಯಲ್ಲ. ಡಿಸ್ಕ್ ಪೂರ್ತಿ ತುಂಬಿ ಯಾರೂ ಏನನ್ನೂ ಉಳಿಸಲಾಗದ ಫೈಲ್ ಸರ್ವರ್ ಕೂಡ ಪಿಂಗ್‌ಗೆ ಸರಿಯಾಗಿ ಉತ್ತರಿಸುತ್ತದೆ. ಬಳಕೆದಾರರು ಮಾಡುವುದನ್ನೇ ನಿಮ್ಮ ಪರೀಕ್ಷೆಯೂ ಮಾಡಬೇಕು: ಡಿಎನ್‌ಎಸ್‌ಗೆ (ಹೆಸರಿಗೆ ಐಪಿ ವಿಳಾಸ ಹೇಳುವ ಸೇವೆ) ಒಂದು ಹೆಸರು ಕೇಳಿ ಬಂದ ಉತ್ತರ ಸರಿಯೇ ಎಂದು ನೋಡುವುದು, ಪರೀಕ್ಷಾ ಖಾತೆಯಿಂದ ಲಾಗಿನ್ ಆಗುವುದು, ಒಂದು ಸಣ್ಣ ಕಡತ ಬರೆದು ಮತ್ತೆ ಓದುವುದು, ಎಷ್ಟು ಹೊತ್ತು ಹಿಡಿಯಿತು ಎಂದು ದಾಖಲಿಸುವುದು.

ಪಠ್ಯಪುಸ್ತಕಗಳು ನೆಟ್‌ವರ್ಕ್ ನಿರ್ವಹಣೆಯನ್ನು ದೋಷ, ಕಾನ್ಫಿಗರೇಷನ್ (ಸಾಧನಗಳ ಹೊಂದಿಕೆ), ಲೆಕ್ಕ (ಯಾರು ಎಷ್ಟು ಬಳಸಿದರು), ಕಾರ್ಯಕ್ಷಮತೆ, ಭದ್ರತೆ ಎಂದು ಐದು ಭಾಗ ಮಾಡುತ್ತವೆ. ಈ ವಿಂಗಡಣೆಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 1989ರಲ್ಲಿ ಮಾನಕವಾಗಿಸಿತು. ಏನಾದರೂ ಬಿಟ್ಟುಹೋಗಿದೆಯೇ ಎಂದು ನೋಡಿಕೊಳ್ಳಲು ಅದು ಒಳ್ಳೆಯ ಪಟ್ಟಿ. ಆದರೆ ಐದಕ್ಕೂ ಸಮಾನ ತೂಕವಿದೆ ಎಂದು ತಿಳಿಯಬೇಡಿ. ನಾನು ಎದುರಿಸಿದ ದೊಡ್ಡ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರ ಕೆಟ್ಟು ಬಂದವಲ್ಲ, ಯಾರೋ ಏನನ್ನೋ ಬದಲಾಯಿಸಿದ್ದರಿಂದ ಬಂದವು. ಹಲವು ಸಲ ಆ ಯಾರೋ ನಾನೇ ಆಗಿದ್ದೆ.

ಒಂದು ಸಂಜೆ ದೂರದ ಶಾಖೆಯ ರೂಟರ್‌ನಲ್ಲಿ ಪ್ರವೇಶ ನಿಯಮವೊಂದನ್ನು ತಿದ್ದಿದೆ. ಎಂಟರ್ ಒತ್ತಿದ ಕ್ಷಣವೇ ಪರದೆ ಹೆಪ್ಪುಗಟ್ಟಿತು. ನನ್ನ ಸಂಪರ್ಕವನ್ನೇ ತಡೆಯುವ ಸಾಲನ್ನು ಬರೆದಿದ್ದೆ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಕನ್ಸೋಲ್ ಕೇಬಲ್ ಜೋಡಿಸುವವರೆಗೆ ಆ ಶಾಖೆ ಕತ್ತಲಲ್ಲಿತ್ತು. ಇದನ್ನು ತಪ್ಪಿಸುವ ಉಪಾಯ ಸಾಧನದೊಳಗೇ ಇತ್ತು. ಸಿಸ್ಕೊ ರೂಟರ್‌ಗಳಲ್ಲಿ ಹತ್ತು ನಿಮಿಷದ ಬಳಿಕ ತಾನೇ ಮರುಚಾಲನೆಯಾಗುವಂತೆ ಮೊದಲೇ ಹೇಳಿಡಬಹುದು: ಬದಲಾವಣೆಯನ್ನು ಸೇವ್ ಮಾಡದೆ ಪರೀಕ್ಷಿಸಿ, ಸರಿಯಿದ್ದರೆ ಮರುಚಾಲನೆಯನ್ನು ರದ್ದು ಮಾಡಿದರಾಯಿತು. ಜುನಿಪರ್ ರೂಟರ್‌ಗಳಲ್ಲಿ ‘ಕಮಿಟ್ ಕನ್‌ಫರ್ಮ್ಡ್’ ಎಂಬ ಆದೇಶವಿದೆ. ನಿಗದಿತ ಸಮಯದೊಳಗೆ, ಏನೂ ಹೇಳದಿದ್ದರೆ ಹತ್ತು ನಿಮಿಷದೊಳಗೆ, ನೀವು ದೃಢೀಕರಿಸದಿದ್ದರೆ ಹಳೆಯ ಸ್ಥಿತಿಗೆ ತಾನೇ ಮರಳುತ್ತದೆ. ಅಂದಿನಿಂದ ಇದಿಲ್ಲದೆ ದೂರದ ಸಾಧನವನ್ನು ನಾನು ಮುಟ್ಟಿಲ್ಲ.

ಇದು ಸಣ್ಣವರಿಗಷ್ಟೇ ಆಗುವ ತಪ್ಪಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಜಗತ್ತಿನಿಂದಲೇ ಮರೆಯಾದವು. ನಿತ್ಯದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರ ಡೇಟಾ ಕೇಂದ್ರಗಳನ್ನು ಜೋಡಿಸುವ ಬೆನ್ನೆಲುಬಿನ ಸಂಪರ್ಕಗಳನ್ನೆಲ್ಲ ಬೀಳಿಸಿತು. ಅದನ್ನು ತಡೆಯಬೇಕಿದ್ದ ಪರಿಶೀಲನಾ ಸಾಧನದಲ್ಲೇ ದೋಷವಿತ್ತು. ಡೇಟಾ ಕೇಂದ್ರಗಳನ್ನು ತಲುಪಲಾಗದ ಡಿಎನ್‌ಎಸ್ ಸರ್ವರ್‌ಗಳು ತಮ್ಮ ಬಿಜಿಪಿ ಮಾರ್ಗಗಳನ್ನು (ತಮ್ಮನ್ನು ತಲುಪುವ ದಾರಿ ಇದು ಎಂದು ಇತರ ಜಾಲಗಳಿಗೆ ಸಾರುವ ಮಾಹಿತಿ) ಹಿಂತೆಗೆದುಕೊಂಡವು. ದುರಸ್ತಿಗೆ ಬೇಕಾದ ಒಳಗಿನ ಸಾಧನಗಳೂ ಅದೇ ಜಾಲವನ್ನು ನಂಬಿದ್ದರಿಂದ, ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಕೇಂದ್ರಕ್ಕೆ ಹೋಗಬೇಕಾಯಿತು. ನಿಮ್ಮ ನೆಟ್‌ವರ್ಕ್ ಬಿದ್ದಾಗ ಅದನ್ನು ತಲುಪಲು ಬೇರೆ ದಾರಿ ಯಾವುದು? ಮುಖ್ಯ ರೂಟರ್‌ಗೆ ಜೋಡಿಸಿದ ಒಂದು 4ಜಿ ಮೋಡೆಮ್ ಆದರೂ ಸಾಕು. ಪಾಸ್‌ವರ್ಡ್‌ಗಳು, ನೆಟ್‌ವರ್ಕ್‌ನ ನಕ್ಷೆ ಇವೆರಡೂ ಬಿದ್ದುಹೋದ ಸರ್ವರ್‌ನೊಳಗೇ ಇರಬಾರದು. ಒಂದು ಮುದ್ರಿತ ಪ್ರತಿ ಬೀಗದೊಳಗೆ ಇರಲಿ.

ಹಾಗಾಗಿ ಬದಲಾವಣೆಗೆ ಶಿಸ್ತು ತನ್ನಿ. ಒಮ್ಮೆಗೆ ಒಂದೇ ಬದಲಾವಣೆ. ಹಿಂದಿರುಗುವ ದಾರಿಯನ್ನು ಕೆಲಸ ಶುರುವಾಗುವ ಮುಂಚೆಯೇ ಬರೆದಿಡಿ. ಸರ್ವರ್ ಸ್ಥಳಾಂತರವಿದ್ದರೆ ಡಿಎನ್‌ಎಸ್‌ನ ಟಿಟಿಎಲ್ ಅನ್ನು (ಬಂದ ಉತ್ತರವನ್ನು ಎಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಎಂಬ ಸಂಖ್ಯೆ) ಒಂದೆರಡು ದಿನ ಮೊದಲೇ 86400ರಿಂದ 300ಕ್ಕೆ ಇಳಿಸಿ. ಸ್ಥಳಾಂತರದ ಗಳಿಗೆಯಲ್ಲಿ ಇಳಿಸಿದರೆ ಹಳೆಯ ಉತ್ತರ ಕೆಲವರ ಬಳಿ ಇಡೀ ದಿನ ಉಳಿಯುತ್ತದೆ. ಪ್ರತಿ ರಾತ್ರಿ ಎಲ್ಲ ಸಾಧನಗಳ ಕಾನ್ಫಿಗರೇಷನ್ ಪ್ರತಿ, ಬದಲಾವಣೆಗಳನ್ನೆಲ್ಲ ನೆನಪಿಡುವ ಗಿಟ್ ತಂತ್ರಾಂಶಕ್ಕೆ ಸೇರಲಿ. ಆಕ್ಸಿಡೈಸ್ಡ್ ಎಂಬ ಉಚಿತ ತಂತ್ರಾಂಶ ಇದನ್ನು ಮಾಡುತ್ತದೆ. ‘ನಿನ್ನೆಯಿಂದ ಏನು ಬದಲಾಗಿದೆ’ ಎಂಬ ಪ್ರಶ್ನೆಗೆ ಒಂದೇ ನಿಮಿಷದಲ್ಲಿ ಉತ್ತರ ಸಿಗುವುದು ನಿಮ್ಮ ಅರ್ಧ ರಾತ್ರಿಗಳನ್ನು ಉಳಿಸುತ್ತದೆ.

ಎಚ್ಚರಿಕೆ ಸಂದೇಶಗಳಲ್ಲಿ ಕಟುವಾಗಿರಿ. ಈಗಲೇ ಎದ್ದು ಏನಾದರೂ ಮಾಡಬೇಕಾದದ್ದು ಮಾತ್ರ ಫೋನ್‌ಗೆ ಬರಬೇಕು, ಉಳಿದದ್ದು ವಾರದ ವರದಿಗೆ ಹೋಗಲಿ. ನಮಗೆ ದಿನಕ್ಕೆ ನೂರಾರು ಸಂದೇಶ ಬರುತ್ತಿದ್ದ ಕಾಲದಲ್ಲಿ ರೈಡ್ 5 ಸರಣಿಯ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಜೋಡಿಸಿದ ಡಿಸ್ಕ್‌ಗಳ ಗುಂಪು) ಒಂದು ಡಿಸ್ಕ್ ಕೆಟ್ಟ ಸಂದೇಶವೂ ಅವುಗಳೊಳಗೆ ಹೂತುಹೋಯಿತು. ಹನ್ನೊಂದು ದಿನದ ಬಳಿಕ ಎರಡನೆಯ ಡಿಸ್ಕ್ ಕೆಟ್ಟಿತು, ದತ್ತಾಂಶವೆಲ್ಲ ಹೋಯಿತು. ಬ್ಯಾಕಪ್ ಇತ್ತು, ಆದರೆ ಅದನ್ನು ಯಾರೂ ಒಮ್ಮೆಯೂ ಮರಳಿ ತೆರೆದು ನೋಡಿರಲಿಲ್ಲ. ಅದರಲ್ಲಿ ಒಂದು ಫೋಲ್ಡರ್ ಇರಲೇ ಇಲ್ಲ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಕಡತವನ್ನು, ಆರು ತಿಂಗಳಿಗೊಮ್ಮೆ ಇಡೀ ಸರ್ವರನ್ನು ಬ್ಯಾಕಪ್‌ನಿಂದ ಎಬ್ಬಿಸಿ ನೋಡಿ.

ಈಗ ತಂತ್ರಾಂಶ. ನಿಮ್ಮ ಗಾತ್ರಕ್ಕೆ ಸ್ವಿಚ್‌ಗಳೇ ಹೆಚ್ಚಿದ್ದರೆ ಲಿಬ್ರೆಎನ್‌ಎಂಎಸ್, ಸರ್ವರ್ ಮತ್ತು ಸೇವೆಗಳ ಮೇಲೆ ಹೆಚ್ಚು ಗಮನ ಬೇಕಿದ್ದರೆ ಜ್ಯಾಬಿಕ್ಸ್. ಎರಡೂ ಉಚಿತ, ಎರಡೂ ಸಾಕು. ಸಾಧನಗಳ ಪಟ್ಟಿಗೆ ಸದ್ಯಕ್ಕೆ ಒಂದು ಸ್ಪ್ರೆಡ್‌ಶೀಟ್ ನಡೆಯುತ್ತದೆ. ಹಾಕುವಾಗ ಒಂದನ್ನು ಮರೆಯಬೇಡಿ: ಗಮನಿಸುವ ಯಂತ್ರ ಗಮನಿಸಲ್ಪಡುವ ಸರ್ವರ್‌ನೊಳಗೇ ವರ್ಚುವಲ್ ಯಂತ್ರವಾಗಿ (ತಂತ್ರಾಂಶದಲ್ಲೇ ಸೃಷ್ಟಿಸಿದ ಕಂಪ್ಯೂಟರ್) ಕುಳಿತಿರಬಾರದು. ಜೊತೆಗೆ ಕಟ್ಟಡದ ಹೊರಗಿನಿಂದ, ಬೇರೆ ಸಂಪರ್ಕದ ಮೇಲೆ, ಆ ಯಂತ್ರ ಜೀವಂತವಿದೆಯೇ ಎಂದು ಐದು ನಿಮಿಷಕ್ಕೊಮ್ಮೆ ಕೇಳುವ ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಇಡಿ. ಹೊರಗಿನ ಸಂಪರ್ಕವೇ ಕಡಿದಾಗ ಒಳಗಿನ ಯಂತ್ರ ಕಳುಹಿಸಿದ ಸಂದೇಶ ನಿಮ್ಮ ಫೋನ್ ತಲುಪುವುದಿಲ್ಲ.