ಪ್ರಮಾಣವಚನಕ್ಕೆ ಮುಂಚೆ ವೋಟರ್ ಫಾರ್ಮ್ ಕಳಿಸಬಹುದಾ?

ಪ್ರಶ್ನೆ: ನಮ್ಮೂರು ದಾವಣಗೆರೆ. ಈಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇನೆ. ಅಮೆರಿಕದ ಪೌರತ್ವಕ್ಕೆ ಸಂದರ್ಶನ ಪಾಸಾಗಿದೆ, ಮುಂದಿನ ತಿಂಗಳು ಪ್ರಮಾಣವಚನ. ಮತದಾರರ ನೋಂದಣಿ ಫಾರ್ಮ್ ಈಗಲೇ ಕಳಿಸಲೇ? ದಾವಣಗೆರೆಯ ಪಟ್ಟಿಯಲ್ಲೂ ನನ್ನ ಹೆಸರಿದೆ, ಅದನ್ನೇನು ಮಾಡಲಿ?

ಉತ್ತರ: ಮೊದಲು ಅಭಿನಂದನೆ. ಆದರೆ ದಯವಿಟ್ಟು ಈಗಲೇ ಸಹಿ ಹಾಕಬೇಡಿ. ಸಂದರ್ಶನ ಪಾಸಾದರೂ ಪ್ರಮಾಣ ಸ್ವೀಕರಿಸುವವರೆಗೆ ನೀವಿನ್ನೂ ಗ್ರೀನ್ ಕಾರ್ಡ್‌ನವರೇ, ಅಂದರೆ ಕಾಯಂ ವಾಸಕ್ಕೆ ಅನುಮತಿ ಇರುವ ವಿದೇಶಿ ಪ್ರಜೆ. ‘ನೀವು ಅಮೆರಿಕದ ಪ್ರಜೆಯೇ?’ ಎಂದು ಫಾರ್ಮ್ ನೇರವಾಗಿ ಕೇಳುತ್ತದೆ. ಒಂದು ದಿನ ಮುಂಚೆ ‘ಹೌದು’ ಎಂದು ಗುರುತು ಹಾಕಿದರೂ ಅದು ಸುಳ್ಳು ಹೇಳಿಕೆಯೇ. ಪೌರತ್ವ ಕೈತಪ್ಪಬಹುದು, ಗಡೀಪಾರಿನವರೆಗೂ ಹೋಗಬಹುದು. ಒಂದು ತಿಂಗಳು ತಾನೇ, ಕಾಯಿರಿ.

ಪ್ರಮಾಣವಚನದ ದಿನ ಗ್ರೀನ್ ಕಾರ್ಡ್ ವಾಪಸ್ ಕೊಟ್ಟು, ಫೋಟೊ ಇರುವ ಪೌರತ್ವ ಪ್ರಮಾಣಪತ್ರ ಪಡೆಯುತ್ತೀರಿ. ಅವತ್ತೇ ಫಾರ್ಮ್ ತುಂಬಬಹುದು, ಪಾಸ್‌ಪೋರ್ಟ್ ಬರಲಿ ಎಂದು ಕಾಯುವುದು ಬೇಡ. ಟೆಕ್ಸಾಸ್‌ನಲ್ಲಿ ಹೊಸಬರಿಗೆ ಆನ್‌ಲೈನ್ ನೋಂದಣಿ ಇಲ್ಲ. ಫಾರ್ಮನ್ನು ಸಹಿ ಮಾಡಿ ಅಂಚೆಯಲ್ಲಿ ಕಳಿಸಬೇಕು, ಇಲ್ಲವೇ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಗೆ ಕೊಡಬೇಕು. ಅದೂ ಚುನಾವಣೆಗೆ 30 ದಿನ ಮೊದಲೇ. ಡ್ರೈವಿಂಗ್ ಲೈಸೆನ್ಸ್ ನಂಬರ್ ಬರೆಯಿರಿ, ಅದಿಲ್ಲದಿದ್ದರೆ ಸೋಶಿಯಲ್ ಸೆಕ್ಯೂರಿಟಿ ನಂಬರಿನ ಕೊನೆಯ 4 ಅಂಕಿ. ಪಕ್ಷದ ಹೆಸರು ಬರೆಯಬೇಕಿಲ್ಲ.

ನಮ್ಮ ಜನ ಜಾಸ್ತಿ ಮರೆಯುವ ವಿಷಯ ಇನ್ನೊಂದಿದೆ. ನಿಮ್ಮ ಲೈಸೆನ್ಸ್ ಮಾಡಿಸಿದ್ದು ಗ್ರೀನ್ ಕಾರ್ಡ್ ತೋರಿಸಿ, ಅಲ್ವಾ? ನೀವಾಗಿ ಹೋಗಿ ತಿದ್ದಿಸದಿದ್ದರೆ ಲೈಸೆನ್ಸ್ ಕೊಡುವ ಇಲಾಖೆಯ ದಾಖಲೆಯಲ್ಲಿ ನೀವು ಪ್ರಜೆಯಲ್ಲದವರಾಗಿಯೇ ಉಳಿಯಬಹುದು. 2019ರ ಜನವರಿಯಲ್ಲಿ ಟೆಕ್ಸಾಸ್ ಸರ್ಕಾರ ಇಂಥ ಹಳೇ ದಾಖಲೆ ನೋಡಿ ಸುಮಾರು 95,000 ಮತದಾರರ ಮೇಲೆ ಅನುಮಾನಪಟ್ಟಿತು. ಕೆಲವೇ ದಿನಗಳಲ್ಲಿ, ಅದರಲ್ಲಿ ಸುಮಾರು 25,000 ಹೆಸರು ತಪ್ಪಾಗಿ ಸೇರಿವೆ ಎಂದು ಗೊತ್ತಾಯಿತು. ಲೈಸೆನ್ಸ್ ಪಡೆದ ಮೇಲೆ ಪ್ರಜೆಗಳಾದ ಅನೇಕರೂ ಆ ಪಟ್ಟಿಗೆ ಸಿಕ್ಕಿಬಿದ್ದಿದ್ದರು. ಪ್ರಕರಣ ಕೋರ್ಟಿಗೆ ಹೋಗಿ, ಸರ್ಕಾರ ಆ ಪಟ್ಟಿಯನ್ನು ಕೈಬಿಟ್ಟಿತು. ಹಕ್ಕಿದ್ದವರನ್ನು ಹೀಗೆ ಹೆದರಿಸಿದ್ದು ಅನ್ಯಾಯ. ನಿಮಗೆ ಹಾಗಾಗದಿರಲಿ, ಪ್ರಮಾಣಪತ್ರ ಹಿಡಿದು ಲೈಸೆನ್ಸ್ ದಾಖಲೆ ತಿದ್ದಿಸಿಕೊಳ್ಳಿ. ಆದರೂ ‘ಪ್ರಜೆ ಎಂದು ರುಜುವಾತು ಕೊಡಿ’ ಎಂಬ ಪತ್ರ ಬಂದರೆ ಸುಮ್ನೆ ಮೂಲೆಗಿಡಬೇಡಿ. ಉತ್ತರ ಹೋಗದಿದ್ದರೆ ಹೆಸರು ತೆಗೆದುಹಾಕಬಹುದು.

ಇನ್ನು ದಾವಣಗೆರೆ. ಬೇರೆ ದೇಶದ ಪೌರತ್ವ ತಾನಾಗಿ ಪಡೆದವರ ಭಾರತೀಯ ಪೌರತ್ವ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅಲ್ಲಿಗೇ ಮುಗಿಯುತ್ತದೆ. ಮತದಾನದ ಹಕ್ಕೂ ಅದರ ಜೊತೆಗೇ ಹೋಗುತ್ತದೆ. ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿದರೂ ಅದು ವಾಪಸ್ ಬರುವುದಿಲ್ಲ. ಪ್ರಮಾಣವಚನ ಆದ ಮೇಲೆ ಫಾರ್ಮ್ 7 ತುಂಬಿ ಅಲ್ಲಿನ ಹೆಸರು ತೆಗೆಸಿ. ರಜೆಗೆ ಊರಿಗೆ ಹೋದಾಗ ಚುನಾವಣೆ ಬಂದು, ಮನೆಯವರು ‘ಪಟ್ಟಿಯಲ್ಲಿ ಹೆಸರಿದೆ, ಬಾ’ ಎಂದು ಕರೆದರೂ ಹಳೇ ವೋಟರ್ ಕಾರ್ಡ್ ಹಿಡಿದು ಮತಗಟ್ಟೆಗೆ ಹೋಗಬೇಡಿ.